ವಿಠೋಬರು ಕುಡಿದ ಬೆಲ್ಲ-ನೀರು

ಹೊನ್ನಾವರ, ೧೨-೩-೬೨

ಪ್ರೀತಿಯ ಅಕ್ಕನಿಗೆ,

ನನ್ನ ಕೆಮ್ಮು ಬಿಟ್ಟಿದೆ. ನಾನು ಬಾಡಿಗೆಗಿರುವ ಮನೆಯ ಶಾಂತಾರಾಮರಾಯರು ಪುರಸಭೆಯ ಅಧ್ಯಕ್ಷರಾಗಲು ಹೊರಟು, ತಮ್ಮ ಪಕ್ಷದೊಳಗಿನ ಆಯ್ಕೆಯಲ್ಲೇ ಸೋತರು. ಎರಡು ದಿನದಿಂದ ಊಟ ಬಿಟ್ಟು ಒಳಗೆ ಮಲಗಿದ್ದರು. ಇಂದು ಅವರ ಬೆಂಬಲಿಗರಾದ ಮೂವರು ಪುರಸಭಾ ಸದಸ್ಯರು ಜಗಲಿಯಲ್ಲಿದ್ದಾಗ, ಅವರನ್ನು ಒಲಿಸಿಕೊಳ್ಳಲು ಎದುರು ಪಕ್ಷದ ಅಭ್ಯರ್ಥಿ ವಿಠೋಬರು ಬಂದರು. ಬಂದವರಿಗೆಲ್ಲ ಮೊದಲು ಬೆಲ್ಲ-ನೀರು ಕೊಡುವುದು ಇಲ್ಲಿನ ಪದ್ಧತಿ. ರಾಯರ ಹೆಂಡತಿ ವನಮಾಲಕ್ಕ ತಂದುಕೊಟ್ಟರು. ವಿಠೋಬರು ಗಟಗಟ ಕುಡಿದು, "ಹಾಗಾರೆ ಮೂರೂ ವೋಟು ನಂಗೇ ಆತು!" ಎಂದರು.

"ಬೆಲ್ಲ ಯಾರು ಬಂದ್ರೂ ಕೊಡೂದು, ವಿಠೋಬಣ್ಣ. ಸಂಗಡ ವೋಟು ಕೊಡೂದಿಲ್ಲ" ಎಂದರು ವನಮಾಲಕ್ಕ.

ಒಳಗಿನಿಂದ ರಾಯರ ನಗು ಕೇಳಿಸಿತು. "ನಂಗೂ ಒಂದು ಲೋಟ ತಾರೇ" ಎನ್ನುತ್ತ ಅವರೇ ಹೊರಗೆ ಬಂದರು.

ಊಟಕ್ಕೆ ಕರೆಯುತ್ತಿದ್ದಾರೆ. ವಿಠೋಬರಿಗೂ ಎಲೆ ಹಾಕಿದೆ.

ನಿನ್ನ ಸುಮತಿ