ಮಾರನೆಯ ದಿನದ ಎಣಿಕೆ

ಅಕ್ಕ,

ನಿಮ್ಮ ಹೊಸ ವಿಳಾಸ ನನ್ನ ಬಳಿ ಇದೆ. ಆದರೂ ಇದನ್ನು ಕಳಿಸುವುದಿಲ್ಲ.

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಜೀವಕೋಶಗಳನ್ನು ಎರಡನೆಯ ಸಲ ಎಣಿಸಿದೆ. ಮಾರನೆಯ ದಿನವೂ ಎಣಿಸೋಣವೆಂದು ಕೇಳಿ ಕೇಳಿ ನೀವು ಬೈಸಿಕೊಳ್ಳುತ್ತಿದ್ದಿರಿ. ನಿನ್ನೆ, ಕೋಶಗಳನ್ನು ಚೀಲಕ್ಕೆ ತುಂಬುವ ಪಂಪಿನ ಸಣ್ಣ ಕೊಳವೆಯಿಂದ ಹೊರಬಂದ ಕೂಡಲೇ ನೋಡಿದಾಗ ನೂರಕ್ಕೆ ತೊಂಬತ್ತೈದು ಬದುಕಿದ್ದವು. ಇವತ್ತು ಅರ್ಧಕ್ಕರ್ಧ ಸತ್ತು, ಪರೀಕ್ಷೆಗೆ ಹಾಕಿದ ಬಣ್ಣ ಹೀರಿ ನೀಲಿಯಾಗಿದ್ದವು. ಪಂಪಿನ ಆ ವೇಗದಲ್ಲಿ ಕೊಳವೆಯೊಳಗೆ ಉಜ್ಜಿಕೊಂಡು ಬರುವಾಗ ಆದ ಪೆಟ್ಟು ತಕ್ಷಣ ಕಾಣುವುದಿಲ್ಲ.

ಮೇಲ್ವಿಚಾರಕರಿಗೆ ತೋರಿಸಿದೆ.

“ನಿನ್ನೆ ಪಾಸಾಗಿದೆಯಲ್ಲ, ಮತ್ತೆ ಯಾಕೆ ಕೆದಕ್ತೀರಿ?”

“ಸಾರ್, ಇದು ಮೇಲಿನ ವಾರ್ಡಿನ ಹುಡುಗಿಗೆ ಹೋಗೋದು. ಅವಳ ಮೈಯೊಳಗೆ ನಾಳೆಯೂ ಬದುಕಿರಬೇಕಲ್ಲ? ವೇಗ ಇಳಿಸಿ ಇನ್ನೊಂದು ಸಲ ಮಾಡೋಣ.”

“ಇಳಿಸಿದ್ರೆ ದಿನಕ್ಕೆ ಎರಡೇ ಚೀಲ ಆಗುತ್ತೆ. ನೀವೂ ಆ ಅಕ್ಕನ ಥರ ಶುರು ಮಾಡ್ಬೇಡಿ. ಅವರ ಕೈಯೇ ಒರಟಿತ್ತು.”

ಕೈ ಒರಟಂತೆ! ನಿದ್ದೆಹೋದ ಕೂಸನ್ನು ಎತ್ತುವ ಹಾಗೆ ಆ ಚೀಲಗಳನ್ನು ಎತ್ತುತ್ತಿದ್ದವರು ನೀವು. ಮೂರು ವರ್ಷದ ಹಿಂದೆ ಕೋಶಗಳು ಸತ್ತಾಗ ನಿಮ್ಮ ಕೈಯನ್ನು ದೂರಿ ಮನೆಗೆ ಕಳಿಸಿದರು. ಪಂಪನ್ನು ಯಾರೂ ವಿಚಾರಿಸಲಿಲ್ಲ.

ಚೀಲವನ್ನು ವಾರ್ಡಿಗೆ ಬಿಡುವ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಅದು ಹೋಗಲಿಲ್ಲ. ಅವರು ಅಲ್ಲೇ ಕೂತು ನನ್ನ ಮೇಲೊಂದು ದೂರು ಬರೆದು, ಸಾಕ್ಷಿಗೆ ಪಕ್ಕದ ಮೇಜಿನವನನ್ನು ಕರೆದರು. ಅವನು ನನ್ನ ಮುಖ ನೋಡದೆ ಸಹಿ ಹಾಕಿದ. ಮೇಲ್ವಿಚಾರಕರ ಮೇಜಿನ ಮೂಲೆಯಲ್ಲಿ ಬಣ್ಣ ಎದ್ದುಹೋದ ಜಾಗವೊಂದಿದೆ. ಅವನ ಕಣ್ಣು ಅಲ್ಲಿತ್ತು.

ಅಂದು ನಿಮ್ಮ ಮೇಲಿನ ದೂರಿಗೆ ಸಾಕ್ಷಿಯಾಗಿ ಸಹಿ ಹಾಕುವಾಗ ನಾನು ನೋಡುತ್ತಿದ್ದದ್ದೂ ಅದನ್ನೇ.