ತುತ್ತಿಗೊಂದು ಪುಟ

ಮಾರ್ಚ್ ೧೧, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ತಮ್ಮನ ಎರಡು ವರ್ಷದ ಮಗಳಿಗೆ ಆನೆಯ ಪುಸ್ತಕ ಕೊಟ್ಟವಳು ನಾನು. ಅವನು ಅದನ್ನು ಊಟ ಮಾಡಿಸುವ ಉಪಾಯ ಮಾಡಿಕೊಂಡಿದ್ದಾನೆ. ಮಗು ಬಾಯಿ ತೆರೆದರೆ ಪುಟ ತಿರುವುತ್ತಾನೆ, ಇಲ್ಲದಿದ್ದರೆ ಪುಸ್ತಕ ಮುಚ್ಚಿಬಿಡುತ್ತಾನೆ.

“ಮೊಬೈಲ್ ಬೇಡ ಅಂದೋಳು ನೀನೇ ತಾನೆ ಅಕ್ಕಾ? ತಟ್ಟೆ ಖಾಲಿ ಆಗ್ತಿದೆ, ಇನ್ನೇನು ಬೇಕು ನಿಂಗೆ?”

“ಅದು ಪುಸ್ತಕ ಕಣೋ, ಇಲಿಬೋನಲ್ಲ!”

ಸಂಜೆ ತಟ್ಟೆಯಿಲ್ಲದೆ ಪುಸ್ತಕವನ್ನಷ್ಟೇ ತೆರೆದು ನೆಲದ ಮೇಲೆ ಕೂತೆ. ಅದನ್ನು ಕಂಡ ಕೂಡಲೇ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಕವಿತೆಯ ಒಂದು ಸಾಲಿಗೇ ಕಣ್ಣು ತುಂಬಿಕೊಳ್ಳುವ ನನಗೆ ಆಗ ಬಂದದ್ದು ತಮ್ಮನ ಮೇಲೆ ಬರೀ ಕೋಪ. ಮಗುವನ್ನು ಕರೆಯಲಿಲ್ಲ. ನನ್ನ ಪಾಡಿಗೆ ಗಟ್ಟಿಯಾಗಿ ಓದಿಕೊಂಡೆ. ಕಥೆಯಲ್ಲಿ ಆನೆ ಕೆರೆಗಿಳಿಯುವ ಹೊತ್ತಿಗೆ ಮಗು ಹತ್ತಿರ ಬಂದು ನಿಂತಿತು. ಒಂದು ಕೈ ಕೆಳಗಿಳಿದಿತ್ತು. ಇನ್ನೊಂದು ಇನ್ನೂ ಬಾಯಿಯ ಮೇಲೇ…