ಎಣಿಸದ ಹತ್ತು ಸೆಕೆಂಡು

ಪ್ರಯೋಗಾಲಯದ ಹಿಂದಿನ ಕೋಣೆ
ಸೋಮವಾರ, ಮಾರ್ಚ್ 10

ಪ್ರೀತಿಯ ಅಕ್ಕಾ,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ಎರಡರಲ್ಲೂ ಅಮ್ಮನ ಸ್ಲೈಡಿನ ವಿಷಯ ಬಿಟ್ಟಿದ್ದೆ, ಇದರಲ್ಲೂ ಬಿಡುವವಳಿದ್ದೆ. ನಿನ್ನ ಮಂಡಿನೋವು ಹೇಗಿದೆ? ಭಾವ ಇನ್ನೂ ನಿನ್ನಿಂದ ಸಕ್ಕರೆ ಡಬ್ಬಿ ಬಚ್ಚಿಡುತ್ತಾರಾ? ಮೊನ್ನೆ ಫೋನಿನಲ್ಲಿ ಅವರು, "ಒಂದು ದಿನ ಮುಂಚೆ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ರೆ ಅಮ್ಮ ಉಳೀತಿದ್ಲು ಅಂತ ಗೋಡೆ ಹತ್ರ ಮಾತಾಡ್ತಾಳೆ ನಿಮ್ಮಕ್ಕ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಇಂದು ಹೊಸ ಹುಡುಗಿಯರಿಗೆ ಸ್ಲೈಡಿಗೆ ಬಣ್ಣ ಹಾಕುವುದನ್ನು ಕಲಿಸಿದೆ. ಬಣ್ಣ ಹಾಕದಿದ್ದರೆ ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾ ಸರಿಯಾಗಿ ಕಾಣುವುದೇ ಇಲ್ಲ. ಮೊದಲು ನೇರಳೆ, ಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಕೊನೆಗೆ ಕೆಂಪು. ದಪ್ಪ ಗೋಡೆಯ ಗುಂಪು ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ತೆಳು ಗೋಡೆಯದು ಬಿಟ್ಟುಕೊಟ್ಟು ಗುಲಾಬಿಯಾಗುತ್ತದೆ. ಯಾವ ಗುಂಪು ಎನ್ನುವುದರ ಮೇಲೆ ಮದ್ದು. ಸ್ಪಿರಿಟ್ ಹೆಚ್ಚು ಹೊತ್ತು ನಿಂತರೆ ದಪ್ಪ ಗೋಡೆಯದೂ ಬಣ್ಣ ಬಿಡುತ್ತದೆ. ಆದ್ದರಿಂದ ಬಾಯಿಬಿಟ್ಟು ಹತ್ತರವರೆಗೆ ಎಣಿಸಬೇಕು, ತಾಳೆ ನೋಡಲು ಪಕ್ಕದಲ್ಲಿ ಗೊತ್ತಿರುವ ಬ್ಯಾಕ್ಟೀರಿಯಾದ ಸ್ಲೈಡೊಂದನ್ನೂ ಜೊತೆಗೇ ತೊಳೆಯಬೇಕು. "ಅಡುಗೆಗಿಂತ ಕಷ್ಟ ಮೇಡಂ ಇದು" ಅಂದಳೊಬ್ಬಳು. "ಅಡುಗೆ ಕೆಟ್ರೆ ಹೋಟ್ಲಿದೆಯಲ್ಲಮ್ಮ" ಅಂದೆ. ಎಲ್ಲರೂ ನಕ್ಕರು. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.

ಮಿದುಳುಜ್ವರದ ಗುಮಾನಿಯಲ್ಲಿ ಅಮ್ಮನ ಬೆನ್ನಿನಿಂದ ತೆಗೆದ ನೀರು ಪರೀಕ್ಷೆಗೆ ಬಂದ ದಿನ "ನಮ್ಮಮ್ಮಂದು, ನಾನೇ ಮಾಡ್ತೀನಿ" ಎಂದು ಎಲ್ಲರನ್ನೂ ಸರಿಸಿದೆ. ಗಾಜಿನ ತುದಿಯಲ್ಲಿ ಅವಳ ಹೆಸರು ಬರೆದು, ಅದನ್ನೇ ನೋಡುತ್ತಾ ಸ್ಪಿರಿಟ್ ಸುರಿದೆ. ಎಣಿಸಲಿಲ್ಲ. ಪಕ್ಕದ ಸ್ಲೈಡನ್ನೂ ಇಡಲಿಲ್ಲ. ಆಗ ನಿನ್ನ ಫೋನ್ ಬಂತು ಎಂದು ಬರೆಯಲು ಹೊರಟಿದ್ದೆ, ಬಂದಿರಲಿಲ್ಲ. ಜೋಡಿ ಜೋಡಿ ಗುಲಾಬಿ ಚುಕ್ಕೆಗಳು ಕಂಡವು, ತೆಳು ಗೋಡೆಯದು ಎಂದೇ ವರದಿ ಕೊಟ್ಟೆ. ಡಾಕ್ಟರು ಕೊಡುತ್ತಿದ್ದ ಎರಡು ಮದ್ದಿನಲ್ಲಿ ದಪ್ಪ ಗೋಡೆಯದರ ಮದ್ದನ್ನು ನಿಲ್ಲಿಸಿದರು. ಮೂರನೇ ದಿನ, ಅದೇ ನೀರನ್ನು ಹಾಕಿಟ್ಟಿದ್ದ ಗಾಜಿನ ತಟ್ಟೆಯಲ್ಲಿ ಬೆಳೆದು ಕಂಡದ್ದು ದಪ್ಪ ಗೋಡೆಯ ಗುಂಪು. ಬೇಕಾಗಿದ್ದದ್ದು ನಿಲ್ಲಿಸಿದ ಮದ್ದೇ. ಮತ್ತೆ ಶುರುಮಾಡುವಷ್ಟರಲ್ಲಿ ಅಮ್ಮನ ಮಾತು ನಿಂತಿತ್ತು.

ಆ ಸ್ಲೈಡನ್ನು ಎಸೆಯಲಾಗಲಿಲ್ಲ. ಹನ್ನೊಂದು ತಿಂಗಳಿಂದ ನೋಡುತ್ತಿದ್ದೇನೆ. ಸ್ಪಿರಿಟ್ ಇಳಿಯದ ದಪ್ಪ ಅಂಚಿನಲ್ಲಿ ಆ ಚುಕ್ಕೆಗಳು ಇನ್ನೂ ನೇರಳೆಯಾಗಿವೆ. ಅಂದೇ ಸ್ಲೈಡನ್ನು ಅತ್ತ ಸರಿಸಿದ್ದರೆ ಕಾಣುತ್ತಿತ್ತು. ಅಮ್ಮನ ಮೈಯ ಒಂದು ಹನಿ ನನ್ನ ಮೇಜಿನ ಖಾನೆಯಲ್ಲಿದೆ, ಅಕ್ಕಾ. ಖಾನೆ ಮುಚ್ಚಿದರೂ ಅದು ನನ್ನನ್ನು ನೋಡುತ್ತಿರುತ್ತದೆ.

ಭಾವನಿಗೆ ನಮಸ್ಕಾರ. ಮಂಡಿಗೆ ಬಿಸಿನೀರಿನ ಶಾಖ ಮರೆಯಬೇಡ.

ನಿನ್ನ ತಂಗಿ

ತಾ.ಕ.: ಅಮ್ಮನ ಫೈಲ್ ತೆಗೆಸಿ ಓದಿದೆ. ಆಸ್ಪತ್ರೆಗೆ ಸೇರಿದ ಹಿಂದಿನ ದಿನ ಅವಳಿಗೆ ಬರೀ ತಲೆನೋವು. ಜ್ವರ ಏರಿದ ಎರಡು ಗಂಟೆಯೊಳಗೆ ನೀನು ಅವಳನ್ನು ಸೇರಿಸಿದ್ದೆ. ತಡ ನಿನ್ನದಲ್ಲ. ಮದ್ದು ನಿಲ್ಲದಿದ್ದರೆ ಉಳಿಯುತ್ತಿದ್ದಳೇ, ಗೊತ್ತಿಲ್ಲ. ಇದೇ ಹದಿನೇಳನೇ ತಾರೀಖು ನಮ್ಮ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಡುತ್ತೇನೆ; ನಿನಗೆ ಅದು ಬೇರೆಯವರ ಬಾಯಿಂದ ತಿಳಿಯಬಾರದು. ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ, ಮಂಗಳವಾರ, ಮಾರ್ಚ್ 11.